ಘಟ್ಟದ ಮಳೆ ಯಂತ್ರಕ್ಕೆ ದಕ್ಕುವುದೇ?

ಶಿವಮೊಗ್ಗ ಜಿಲ್ಲೆಗೆ ಆರೆಂಜ್ ಅಲರ್ಟ್ ಎಂದು ಜುಲೈನಲ್ಲಿ ಸುದ್ದಿ ಬಂದರೆ ಅದು ಶಿಕಾರಿಪುರಕ್ಕೂ ಒಂದೇ, ಆಗುಂಬೆಗೂ ಒಂದೇ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿ.ಮೀ. ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಅದಕ್ಕೂ ಮೇಲಿನ ದರ್ಜೆ. ಶಿಕಾರಿಪುರದ ಕಡೆ ಒಂದೇ ದಿನ 120 ಮಿ.ಮೀ. ಬಿದ್ದರೆ ಕೆರೆಗಳು ಕೋಡಿ ಬೀಳುತ್ತವೆ, ಮೆಕ್ಕೆಜೋಳದ ಹೊಲಗಳಲ್ಲಿ ನೀರು ನಿಲ್ಲುತ್ತದೆ, ತಹಶೀಲ್ದಾರರು ಜೀಪು ಹತ್ತುತ್ತಾರೆ. ಆಗುಂಬೆಯಲ್ಲಿ ಪುನರ್ವಸು ಮಳೆಯ ಹೊತ್ತಿಗೆ ಅಷ್ಟು ಸುರಿದರೆ ಅಂಗಡಿಯವರು ಬಾಗಿಲನ್ನೂ ಹಾಕುವುದಿಲ್ಲ. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿ.ಮೀ. ಮೀರಿ ಮಳೆ ಕಾಣುವ ಊರದು. ರಸ್ತೆಯಲ್ಲಿ ಸುಮಾರು 90 ಕಿ.ಮೀ. ದೂರದ ಶಿವಮೊಗ್ಗ ಪೇಟೆಗೆ ಅದರ ಕಾಲುಭಾಗವೂ ಬೀಳುವುದಿಲ್ಲ. ಹೊಸನಗರ ತಾಲ್ಲೂಕಿನ ಹುಲಿಕಲ್ಲಂತೂ ಕೆಲವು ವರ್ಷ ಆಗುಂಬೆಯನ್ನೇ ಹಿಂದಿಕ್ಕುತ್ತದೆ.

ಅಲರ್ಟ್ ಕೊಡುವವರನ್ನು ದೂರಿ ಪ್ರಯೋಜನವಿಲ್ಲ. ಜಿಲ್ಲೆಗೊಂದು ಬಣ್ಣ ಬಳಿಯುವುದು ಆಡಳಿತದ ಅನುಕೂಲಕ್ಕೆ. ಈಚೆಗೆ ಜಿಲ್ಲಾಡಳಿತವೇ ಶಾಲೆಗಳಿಗೆ ತಾಲ್ಲೂಕುವಾರು ರಜೆ ಕೊಡುವ ಪರಿಪಾಠ ಇಟ್ಟುಕೊಂಡಿರುವುದರಿಂದ ಆ ಬಣ್ಣದ ಮಿತಿ ಅವರಿಗೂ ಗೊತ್ತಿದೆ ಎಂದಾಯಿತು. ನನ್ನ ಕುತೂಹಲ ಬಣ್ಣದ ಹಿಂದಿರುವ ವಿಜ್ಞಾನದ ಬಗ್ಗೆ. ಕಳೆದ ಮೂರು ವರ್ಷಗಳಲ್ಲಿ ಹವಾಮಾನ ಮುನ್ಸೂಚನೆಯ ವಿಧಾನವೇ ಬದಲಾಗಿದೆ. ಕೃತಕ ಬುದ್ಧಿಮತ್ತೆ ಬಂದಿದೆ, ಸೂಪರ್ ಕಂಪ್ಯೂಟರುಗಳು ಬಂದಿವೆ, ಸಾವಿರಾರು ಕೋಟಿ ರೂಪಾಯಿಯ ಯೋಜನೆಗಳು ಬಂದಿವೆ. ಇಷ್ಟಾದ ಮೇಲೂ ತೀರ್ಥಹಳ್ಳಿಯ ಅಡಿಕೆ ಬೆಳೆಗಾರನಿಗೆ ನಾಳೆ ಮಧ್ಯಾಹ್ನ ನಾಲ್ಕು ತಾಸಿನ ಹೊಳವು (ಮಳೆಯ ಬಿಡುವು) ಸಿಗುತ್ತದೆಯೇ ಎಂದು ಹೇಳಲು ಏಕೆ ಆಗುತ್ತಿಲ್ಲ? ಯಂತ್ರದ ಶಕ್ತಿ ಸಾಲದು ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ನನಗೆ ಅದು ಅರ್ಧ ಸತ್ಯವಾಗಿ ಕಾಣುತ್ತದೆ. ಘಟ್ಟದಲ್ಲಿ ಮಳೆಯ ಹನಿ ಹೇಗೆ ಹುಟ್ಟುತ್ತದೆ ಎಂಬ ಭೌತಶಾಸ್ತ್ರ ಇನ್ನೂ ಪೂರ್ತಿ ಬಗೆಹರಿದಿಲ್ಲ. ಅದಕ್ಕಿಂತ ಮುಖ್ಯವಾಗಿ, ಹೊಸ ಯಂತ್ರಗಳು ಪಾಠ ಕಲಿತ ಪುಸ್ತಕದಲ್ಲಿ ನಮ್ಮ ಮಳೆಮಾಪಕಗಳ ಲೆಕ್ಕವೇ ಇಲ್ಲ.

ಮೊದಲು ಯಂತ್ರಗಳ ಮಾತು. ಹಳೆಯ ವಿಧಾನ ಸಮೀಕರಣಗಳದ್ದು. ಭೂಮಿಯ ಮೇಲಿನ ಗಾಳಿಯನ್ನು ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದ ಉಷ್ಣತೆ, ಒತ್ತಡ, ತೇವಾಂಶ, ಗಾಳಿಯ ವೇಗ ಮುಂದಿನ ಕೆಲವು ನಿಮಿಷಗಳಲ್ಲಿ ಹೇಗೆ ಬದಲಾಗುತ್ತವೆ ಎಂದು ನ್ಯೂಟನ್ನನ ನಿಯಮಗಳಿಂದ ಲೆಕ್ಕ ಹಾಕುತ್ತಾ ಹೋಗುವುದು. ಹತ್ತು ದಿನಗಳ ಮುನ್ಸೂಚನೆಗೆ ದೊಡ್ಡ ಸೂಪರ್ ಕಂಪ್ಯೂಟರು ಗಂಟೆಗಟ್ಟಲೆ ದುಡಿಯಬೇಕು. 2023ರಲ್ಲಿ ಬಂದ ಹುವಾವೇ ಕಂಪನಿಯ ‘ಪಂಗು ವೆದರ್’ ಮತ್ತು ಗೂಗಲ್ ಡೀಪ್‌ಮೈಂಡ್‌ನ ‘ಗ್ರಾಫ್‌ಕಾಸ್ಟ್’ ಈ ದುಡಿಮೆಯನ್ನೇ ಬದಿಗಿಟ್ಟವು. ಗ್ರಾಫ್‌ಕಾಸ್ಟ್‌ಗೆ ಯಾವ ಸಮೀಕರಣವನ್ನೂ ಹೇಳಿಕೊಡಲಿಲ್ಲ. 1979ರಿಂದ 2017ರವರೆಗಿನ ಹವಾಮಾನದ ದಾಖಲೆಯನ್ನು ಮುಂದಿಟ್ಟು, ಈಗ ಹೀಗಿದ್ದರೆ ಆರು ಗಂಟೆಯ ನಂತರ ಹೇಗಿರುತ್ತದೆ ಎಂದು ಊಹಿಸುವುದನ್ನು ಅಭ್ಯಾಸ ಮಾಡಿಸಿದರು. ಕಲಿತ ಮೇಲೆ ಹತ್ತು ದಿನಗಳ ಮುನ್ಸೂಚನೆ ಒಂದೇ ಯಂತ್ರದಲ್ಲಿ ಒಂದು ನಿಮಿಷದೊಳಗೆ ಸಿಗುತ್ತದೆ, ಅನೇಕ ಅಳತೆಗಳಲ್ಲಿ ಹಳೆಯ ವಿಧಾನಕ್ಕಿಂತ ಸರಿಯಾಗಿಯೂ ಇರುತ್ತದೆ. 2025ರ ಫೆಬ್ರುವರಿಯಲ್ಲಿ ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರ ತನ್ನದೇ ಇಂಥ ಯಂತ್ರವನ್ನು ದಿನನಿತ್ಯದ ಬಳಕೆಗೆ ಇಳಿಸಿತು. ಭೌತಶಾಸ್ತ್ರದ 2024ರ ನೊಬೆಲ್ ಬಹುಮಾನ ಇಂಥ ನರಜಾಲ (ನ್ಯೂರಲ್ ನೆಟ್‌ವರ್ಕ್) ಗಣಿತಕ್ಕೆ ಅಡಿಪಾಯ ಹಾಕಿದ ಜಾನ್ ಹಾಪ್‌ಫೀಲ್ಡ್ ಮತ್ತು ಜೆಫ್ರಿ ಹಿಂಟನ್ ಅವರಿಗೆ ಸಂದಾಗ, ಇದರಲ್ಲಿ ಭೌತಶಾಸ್ತ್ರ ಎಲ್ಲಿದೆ ಎಂದು ಮೂಗು ಮುರಿದವರಿದ್ದರು. ಹವಾಮಾನದ ಮಟ್ಟಿಗಂತೂ ಆ ಪ್ರಶ್ನೆಗೆ ಅರ್ಥ ಉಳಿದಿಲ್ಲ.

ನಮ್ಮ ದೇಶಕ್ಕೂ ಅದರ ಫಲ ಸಿಕ್ಕಿದೆ. 2025ರ ಮುಂಗಾರಿಗೆ ಮುನ್ನ ಕೇಂದ್ರ ಕೃಷಿ ಸಚಿವಾಲಯ 13 ರಾಜ್ಯಗಳ ಸುಮಾರು 3.8 ಕೋಟಿ ರೈತರ ಮೊಬೈಲ್‌ಗಳಿಗೆ, ನಿಮ್ಮ ಕಡೆ ಮುಂಗಾರು ಯಾವಾಗ ಹಿಡಿಯಬಹುದು ಎಂಬ ಸಂದೇಶ ಕಳಿಸಿತು. ಗೂಗಲ್‌ನ ‘ನ್ಯೂರಲ್ ಜಿಸಿಎಂ’ ಮತ್ತು ಯುರೋಪಿನ ಯಂತ್ರದ ಫಲಿತಾಂಶಗಳನ್ನು ಭಾರತದ ಹಳೆಯ ಮಳೆ ದಾಖಲೆಯೊಂದಿಗೆ ಬೆರೆಸಿ ತಯಾರಿಸಿದ ಮುನ್ಸೂಚನೆ ಅದು. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ಆಮೇಲೆ ಉತ್ತರದ ಕಡೆ ಹೋಗದೆ ವಾರಗಟ್ಟಲೆ ನಿಂತುಬಿಟ್ಟಿತು. ಈ ನಿಲುಗಡೆಯನ್ನು ಯಂತ್ರ ಮೊದಲೇ ಕಂಡಿತ್ತು. ಬೇಗ ಬಂತೆಂದು ಬಿತ್ತಿ ಬೀಜ ಕಳೆದುಕೊಳ್ಳುವುದು ಒಣಬೇಸಾಯದ ರೈತನ ದೊಡ್ಡ ಭಯ. ಅವನಿಗೆ ಇದು ನಿಜವಾದ ಸಹಾಯ. ಲಿಂಗನಮಕ್ಕಿ ಜಲಾಶಯ ನೋಡಿಕೊಳ್ಳುವವರಿಗೂ ಅಷ್ಟೆ. ಶರಾವತಿ ಕೊಳ್ಳದಲ್ಲಿ ಮುಂದಿನ ವಾರ ಒಟ್ಟಾರೆ ಮಳೆ ಜೋರೋ ಇಳಿಮುಖವೋ ಎಂದು ಗೊತ್ತಾದರೆ, ನೀರಿನ ಮಟ್ಟ 1819 ಅಡಿಯ ಹತ್ತಿರ ಬಂದಾಗ ಗೇಟಿನ ತೀರ್ಮಾನ ಸುಲಭವಾಗುತ್ತದೆ.

ಆದರೆ ಮಲೆನಾಡಿನ ತೋಟಗಾರನಿಗೆ ಮುಂಗಾರು ಬರುತ್ತದೆಯೇ ಎಂಬ ಚಿಂತೆ ಇಲ್ಲ. ಬರುತ್ತದೆ, ಹೊಡೆಯುತ್ತದೆ. ಅವನಿಗೆ ಬೇಕಾದದ್ದು ಮಳೆಯ ನಡುವಿನ ಬಿಡುವು. ಅಲ್ಲಿ ಯಂತ್ರ ತಡವರಿಸುತ್ತದೆ, ಏಕೆಂದರೆ ಅದು ಓದಿದ ಪುಸ್ತಕ ಬೇರೆ.

ಆ ಪುಸ್ತಕದ ಹೆಸರು ‘ಇಆರ್‌ಎ5’. ಯುರೋಪಿನ ಕೇಂದ್ರವೇ ಸಿದ್ಧಪಡಿಸಿದ, ಹಲವು ದಶಕಗಳ ಹವಾಮಾನದ ಗಂಟೆಗಂಟೆಯ ಪುನರ್‌ರಚನೆ. ಉಪಗ್ರಹ, ಬಲೂನು, ಹಡಗು, ವಿಮಾನಗಳ ಅಳತೆಗಳನ್ನು ಸಮೀಕರಣದ ಮಾದರಿಯೊಂದಿಗೆ ಹೊಲಿದು ಮಾಡಿದ ಅದ್ಭುತ ಕೆಲಸ. ಗಾಳಿ, ಒತ್ತಡ, ಉಷ್ಣತೆಯ ವಿಷಯದಲ್ಲಿ ಕಣ್ಣುಮುಚ್ಚಿ ನಂಬಬಹುದಾದಷ್ಟು ಒಳ್ಳೆಯದು. ಮಳೆಯ ವಿಷಯ ಹಾಗಲ್ಲ. ಅಮೆರಿಕದ ನೆಲವನ್ನು ಬಿಟ್ಟರೆ ಬೇರೆಲ್ಲಿಯೂ ನೆಲದ ಮಳೆಮಾಪಕದ ಅಂಕಿ ಅದರೊಳಗೆ ಹೋಗಿಲ್ಲ. ಭಾರತದ ಮೇಲೆ ಅದರಲ್ಲಿ ಕಾಣುವ ಮಳೆ ಮಾದರಿಯ ಲೆಕ್ಕದಿಂದ ಹೊರಬಿದ್ದ ಮಳೆ, ಯಾರೂ ಅಳೆದದ್ದಲ್ಲ. ಅದರ ಚೌಕವೂ ದೊಡ್ಡದು, ಸುಮಾರು 30 ಕಿ.ಮೀ. ಅಗಲ. ಉಡುಪಿಯ ಕಡಲಂಚಿನಿಂದ ಆಗುಂಬೆಯ ನೆತ್ತಿಗೆ ನೇರ ದೂರ 40-45 ಕಿ.ಮೀ. ಅಂದರೆ ಕರಾವಳಿ, ಸೋಮೇಶ್ವರದ ಬುಡ, ಘಟ್ಟದ ಗೋಡೆ, ಆಗುಂಬೆ, ಶೃಂಗೇರಿ ಎಲ್ಲವೂ ಎರಡು ಮೂರು ಚೌಕಗಳಲ್ಲಿ ಮುಗಿದುಹೋಗುತ್ತವೆ. 14 ತಿರುವುಗಳಲ್ಲಿ ಬಸ್ಸು ಏದುಸಿರು ಬಿಟ್ಟು ಹತ್ತುವ ಆ ಗೋಡೆ ಯಂತ್ರದ ಕಣ್ಣಿಗೆ ಒಂದು ಸಾಧಾರಣ ಇಳಿಜಾರು. ಮಳೆಯನ್ನು ಹಿಂಡುವುದೇ ಆ ಗೋಡೆ. ಗೋಡೆಯೇ ಕಾಣದಿದ್ದರೆ ಹಿಂಡಿದ ಮಳೆ ಕಾಣುವುದೆಂತು?

ಇನ್ನೊಂದು ತೊಡಕು ಯಂತ್ರಕ್ಕೆ ಕಲಿಸಿದ ರೀತಿಯಲ್ಲೇ ಇದೆ. ಊಹೆಗೂ ವಾಸ್ತವಕ್ಕೂ ಇರುವ ವ್ಯತ್ಯಾಸದ ವರ್ಗವನ್ನು ಆದಷ್ಟು ಕಡಿಮೆ ಮಾಡು ಎಂಬುದು ಮೊದಲ ತಲೆಮಾರಿನ ಯಂತ್ರಗಳಿಗೆ ಕೊಟ್ಟ ಆಜ್ಞೆ. ಜೋರು ಮಳೆ ಹುಲಿಕಲ್ಲಿಗೋ ಮಾಸ್ತಿಕಟ್ಟೆಗೋ ಎಂದು ಖಚಿತವಿಲ್ಲದಾಗ, ಎರಡಕ್ಕೂ ಮಧ್ಯಮ ಮಳೆ ಹಂಚಿಬಿಡುವುದು ಆ ಆಜ್ಞೆಯ ಪ್ರಕಾರ ಜಾಣತನ. ತಪ್ಪಾದರೂ ಅಂಕ ಹೆಚ್ಚು ಹೋಗುವುದಿಲ್ಲ. ಹೀಗಾಗಿ ದಿನಗಳು ಮುಂದೆ ಹೋದಂತೆಲ್ಲ ಮುನ್ಸೂಚನೆಯ ನಕಾಶೆ ಮಸುಕಾಗುತ್ತದೆ, ವಿಪರೀತಗಳು ಕರಗುತ್ತವೆ. ಡೀಪ್‌ಮೈಂಡ್‌ನವರು 2024ರ ಡಿಸೆಂಬರಿನಲ್ಲಿ ಪ್ರಕಟಿಸಿದ ‘ಜೆನ್‌ಕಾಸ್ಟ್’ ಒಂದೇ ಉತ್ತರದ ಬದಲು ಹತ್ತಾರು ಸಂಭವನೀಯ ನಾಳೆಗಳನ್ನು ಬಿಡಿಸಿ ತೋರಿಸುತ್ತದೆ. ಮಸುಕು ಅದರಲ್ಲಿ ಬಹಳ ಕಡಿಮೆ. ಚೌಕ ಮಾತ್ರ ಅಷ್ಟೇ ದೊಡ್ಡದು.

ಇದಕ್ಕಿಂತ ಆಳದ ಅನುಮಾನವೊಂದನ್ನು ಜರ್ಮನಿಯ ಟೋಬಿಯಾಸ್ ಸೆಲ್ಜ್ ಮತ್ತು ಜಾರ್ಜ್ ಕ್ರೇಗ್ 2023ರಲ್ಲಿ ಎತ್ತಿದರು. ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ಕಾಲದಿಂದ ಗೊತ್ತಿರುವ ಸಂಗತಿ: ಗಾಳಿಯ ಆರಂಭ ಸ್ಥಿತಿಯಲ್ಲಿ ಎಷ್ಟೇ ಸಣ್ಣ ವ್ಯತ್ಯಾಸವಿದ್ದರೂ ಮೋಡಗಳ ಮಟ್ಟದಲ್ಲಿ ಅದು ಬಹುಬೇಗ ಬೆಳೆದು, ಸುಮಾರು ಎರಡು ವಾರಗಳಲ್ಲಿ ಇಡೀ ಮುನ್ಸೂಚನೆಯನ್ನು ನುಂಗಿಬಿಡುತ್ತದೆ. ಇವರು ಪಂಗು ಯಂತ್ರಕ್ಕೆ ಅಂಥ ತೀರಾ ಸಣ್ಣ ವ್ಯತ್ಯಾಸ ಕೊಟ್ಟು ನೋಡಿದರೆ, ನಿಜವಾದ ವಾತಾವರಣದಲ್ಲಿ ಆಗಬೇಕಾದಷ್ಟು ವೇಗದಲ್ಲಿ ಅದು ಬೆಳೆಯಲೇ ಇಲ್ಲ. ಯಂತ್ರ ವಾತಾವರಣದ ದೊಡ್ಡ ಅಲೆಗಳ ನಡೆಯನ್ನು ಚೆನ್ನಾಗಿ ಕಲಿತಿದೆ, ಮೋಡದ ಮಟ್ಟದ ಅವ್ಯವಸ್ಥೆಯನ್ನು ಕಲಿತಿಲ್ಲ ಎಂಬ ಅರ್ಥ ಅದಕ್ಕೆ ಬರುತ್ತದೆ. (ನಮ್ಮ ಮಳೆ ನಕ್ಷತ್ರಗಳ ಅವಧಿಯೂ ಹದಿಮೂರು ಹದಿನಾಲ್ಕು ದಿನ, ಇದು ಕೇವಲ ಕಾಕತಾಳೀಯ. ಆರಿದ್ರೆ, ಪುಷ್ಯ, ಆಶ್ಲೇಷಗಳ ಗುಣ ಹೇಳುವ ಗಾದೆಗಳು ಅನೇಕ ತಲೆಮಾರುಗಳ ಸರಾಸರಿಯನ್ನು ಹೇಳುತ್ತವೆ, ಈ ವರ್ಷದ ಆಶ್ಲೇಷವನ್ನು ಹೇಳಲಾರವು. ವಾಟ್ಸ್‌ಆ್ಯಪ್‌ನಲ್ಲಿ ಪಂಚಾಂಗವನ್ನೂ ಉಪಗ್ರಹವನ್ನೂ ಜಿದ್ದಿಗೆ ಬಿಡುವವರು ಇದನ್ನು ಗಮನಿಸುವುದಿಲ್ಲ.)

ಮೋಡದ ಮಟ್ಟದಲ್ಲಿ ಏನಾಗುತ್ತದೆ ಎಂಬುದು ಭೌತಶಾಸ್ತ್ರದ ಸೊಗಸಾದ, ಇನ್ನೂ ತೆರೆದೇ ಇರುವ ಪ್ರಶ್ನೆಗಳಲ್ಲಿ ಒಂದು. ಮೋಡದೊಳಗಿನ ಸಾಧಾರಣ ಹನಿಯ ಅಡ್ಡಳತೆ ಸುಮಾರು 20 ಮೈಕ್ರಾನ್, ಮಿಲಿಮೀಟರಿನ ಐವತ್ತನೇ ಒಂದು ಭಾಗ. ಗಾಳಿಯ ತಡೆಗೆ ಸಿಕ್ಕ ಅದು ಸೆಕೆಂಡಿಗೆ ಒಂದು ಸೆಂಟಿಮೀಟರಿನಷ್ಟು ಮಾತ್ರ ಕೆಳಗಿಳಿಯುತ್ತದೆ. ಆ ವೇಗದಲ್ಲಿ ಒಂದು ಕಿ.ಮೀ. ಇಳಿಯಲು ಹೆಚ್ಚುಕಡಿಮೆ ಇಡೀ ಹಗಲು ರಾತ್ರಿ ಬೇಕು, ಅಷ್ಟರಲ್ಲಿ ಆವಿಯಾಗಿಬಿಡುತ್ತದೆ. ಎರಡು ಮಿಲಿಮೀಟರಿನ ಮಳೆಹನಿಯಾದರೆ ಸೆಕೆಂಡಿಗೆ ಆರು ಮೀಟರಿಗಿಂತ ವೇಗವಾಗಿ ಬೀಳುತ್ತದೆ. ಮೊದಲನೆಯದು ಎರಡನೆಯದಾಗಲು ಹತ್ತು ಲಕ್ಷ ಹನಿಗಳು ಒಂದಾಗಬೇಕು.

ಹೇಗೆ ಒಂದಾಗುತ್ತವೆ? ಆವಿ ಅಂಟಿ ಹನಿ ಬೆಳೆಯುವುದು ಮೊದಲ ಹಂತ. ಆ ಬೆಳವಣಿಗೆ ಬರಬರುತ್ತ ಮಂದವಾಗುತ್ತದೆ, ಅಳತೆ ಇಮ್ಮಡಿಯಾಗಲು ಸಮಯ ನಾಲ್ಮಡಿ ಬೇಕು. ಕೊನೆಯ ಹಂತ ಡಿಕ್ಕಿಯದು: ಸಾಕಷ್ಟು ದೊಡ್ಡದಾದ ಹನಿ ಬೇಗ ಬೀಳುತ್ತಾ ದಾರಿಯಲ್ಲಿ ಸಿಕ್ಕ ಸಣ್ಣವನ್ನೆಲ್ಲ ನುಂಗುತ್ತದೆ. ತೊಂದರೆ ಇರುವುದು ಇವೆರಡರ ನಡುವೆ, 30ರಿಂದ 80 ಮೈಕ್ರಾನ್‌ಗಳ ಆಸುಪಾಸು. ಅಲ್ಲಿ ಆವಿಯಿಂದ ಬೆಳೆಯುವುದು ತೀರಾ ನಿಧಾನ. ಡಿಕ್ಕಿಯೂ ಕಷ್ಟ, ಏಕೆಂದರೆ ಸಣ್ಣ ಹನಿ ದೊಡ್ಡದರ ಸುತ್ತ ಬಳಸಿ ಹೋಗುವ ಗಾಳಿಯ ಜೊತೆಗೇ ಜಾರಿಕೊಂಡುಬಿಡುತ್ತದೆ. ಪುಸ್ತಕದ ಲೆಕ್ಕ ನಂಬಿದರೆ ಮಳೆ ಶುರುವಾಗಲು ಬಹಳ ಹೊತ್ತು ಹಿಡಿಯಬೇಕು. ನಿಜದಲ್ಲಿ ಬಿಳಿ ಮೋಡ ಅರ್ಧ ಗಂಟೆಯೊಳಗೆ ಕಪ್ಪಾಗಿ ಸುರಿಯುವುದನ್ನು ಮಲೆನಾಡಿನ ಮಕ್ಕಳೂ ಕಂಡಿದ್ದಾರೆ.

ಈ ಕಂದರವನ್ನು ಹನಿ ಹೇಗೆ ದಾಟುತ್ತದೆ ಎಂಬುದಕ್ಕೆ ಮೂರು ನಾಲ್ಕು ವಿವರಣೆಗಳು ಪೈಪೋಟಿಯಲ್ಲಿವೆ. ಮೋಡದೊಳಗಿನ ಪ್ರಕ್ಷುಬ್ಧ ಗಾಳಿಯೇ ಹನಿಗಳನ್ನು ಡಿಕ್ಕಿ ಹೊಡೆಸುತ್ತದೆ ಎಂಬುದು ಒಂದು. ಇಸ್ರೇಲಿನ ಭೌತವಿಜ್ಞಾನಿಗಳು 2002ರಲ್ಲಿ ತೋರಿಸಿದಂತೆ, ಸಣ್ಣ ಸುಳಿಗಳು ಹನಿಗಳನ್ನು ಕವಣೆ ಬೀಸಿದಂತೆ ಹೊರಗೆ ಎಸೆಯುತ್ತವೆ. ಬೇರೆ ಬೇರೆ ದಿಕ್ಕಿನಿಂದ ಬೇರೆ ಬೇರೆ ವೇಗದಲ್ಲಿ ಬಂದವು ಒಂದೇ ಜಾಗದಲ್ಲಿ ಸೇರಿದಾಗ ಜಾರಿಕೊಳ್ಳಲು ಅವಕಾಶವಿರುವುದಿಲ್ಲ. ಒಂದು ಸುಳಿಯ ಸುತ್ತ ಇದು ಎಲ್ಲಿ, ಯಾವ ಗಾತ್ರದ ಹನಿಗೆ ಆಗುತ್ತದೆ ಎಂದು ವಿವರವಾಗಿ ಲೆಕ್ಕ ಹಾಕಿದವರಲ್ಲಿ ಬೆಂಗಳೂರಿನ ಸೈದ್ಧಾಂತಿಕ ವಿಜ್ಞಾನ ಕೇಂದ್ರ ಐಸಿಟಿಎಸ್‌ನ ರಮಾ ಗೋವಿಂದರಾಜನ್ ಮುಖ್ಯರು. ಅದಕ್ಕೂ ಮುಂಚೆ ರೊದ್ದಂ ನರಸಿಂಹ ಮತ್ತು ಸಂಗಡಿಗರು ಬೆಂಗಳೂರಿನ ಪ್ರಯೋಗಾಲಯದ ನೀರಿನ ತೊಟ್ಟಿಯಲ್ಲೇ ಮೋಡದ ಏರಿಕೆಯನ್ನು ಅನುಕರಿಸಿ, ಮೋಡದೊಳಗೆ ಬಿಡುಗಡೆಯಾಗುವ ಉಷ್ಣ ಸುತ್ತಲಿನ ಒಣಗಾಳಿಯ ಸೇರಿಕೆಯನ್ನು ಹೇಗೆ ಬದಲಿಸುತ್ತದೆ ಎಂದು 2011ರಲ್ಲಿ ತೋರಿಸಿದ್ದರು. ಮೋಡದ ಭೌತಶಾಸ್ತ್ರ ನಮಗೆ ಹೊರಗಿನಿಂದ ಬಂದ ವಿದ್ಯೆಯೇನೂ ಅಲ್ಲ.

ಎರಡನೆಯ ವಿವರಣೆ ಕಡಲಿನ ಉಪ್ಪಿನದು. ಅರಬ್ಬೀ ಸಮುದ್ರದ ಅಲೆಗಳು ಸಿಡಿಸುವ ದೊಡ್ಡ ಉಪ್ಪಿನ ಕಣಗಳ ಮೇಲೆ ಹುಟ್ಟುವ ಹನಿಗಳು ಆರಂಭದಲ್ಲೇ ಗಾತ್ರದಲ್ಲಿ ಮುಂದಿರುತ್ತವೆ, ಕಂದರ ಅವಕ್ಕೆ ಅಡ್ಡಿಯಾಗುವುದಿಲ್ಲ. ಕಡಲಿಗೆ ಇಷ್ಟು ಹತ್ತಿರವಿರುವ ನಮ್ಮ ಘಟ್ಟಕ್ಕೆ ಈ ವಿವರಣೆ ಚೆನ್ನಾಗಿ ಹೊಂದುತ್ತದೆ ಎಂದು ನನಗನಿಸುತ್ತದೆ.

ನನಗೆ ಹೆಚ್ಚು ಇಷ್ಟವಾದದ್ದು ಮೂರನೆಯದು. ಅಮೆರಿಕದ ಅಲೆಕ್ಸಾಂಡರ್ ಕೊಸ್ಟಿನ್ಸ್ಕಿ ಮತ್ತು ರೇಮಂಡ್ ಶಾ 2005ರಲ್ಲಿ ಬರೆದರು: ಎಲ್ಲ ಹನಿಗಳೂ ಕಂದರ ದಾಟಬೇಕಾಗಿಲ್ಲ, ಹತ್ತು ಲಕ್ಷದಲ್ಲಿ ಒಂದು ದಾಟಿದರೆ ಸಾಕು. ಕೇವಲ ಅದೃಷ್ಟದಿಂದ ಮೊದಲ ಕೆಲವು ಡಿಕ್ಕಿಗಳು ಬೇಗ ಬೇಗ ಆಗಿಬಿಟ್ಟ ಹನಿ ಉಳಿದವನ್ನು ನುಂಗಿ ಮಳೆಯಾಗುತ್ತದೆ. ಅಂದರೆ ಸರಾಸರಿ ಹನಿಯನ್ನು ಎಷ್ಟು ಅಧ್ಯಯನ ಮಾಡಿದರೂ ಮಳೆ ಅರ್ಥವಾಗುವುದಿಲ್ಲ. ವಿರಳಾತಿವಿರಳ ಘಟನೆಗಳ ಗಣಿತ ಬೇಕು. ಸಂಖ್ಯಾಶಾಸ್ತ್ರೀಯ ಭೌತಶಾಸ್ತ್ರದವರು ಇದನ್ನು ಎತ್ತಿಕೊಂಡು ಮುಂದುವರಿಸಿದ್ದಾರೆ. ಸರಾಸರಿಯನ್ನೇ ಜೀವಾಳ ಮಾಡಿಕೊಂಡ ಯಂತ್ರಕ್ಕೆ ಮಳೆ ಏಕೆ ಕೈಕೊಡುತ್ತದೆ ಎಂಬುದರ ಬೇರು ಇಲ್ಲಿಯೂ ಒಂದಷ್ಟು ಇದೆ.

ಇವುಗಳಲ್ಲಿ ಯಾವುದು ಎಷ್ಟು ಸರಿ ಎಂದು ತೀರ್ಮಾನಿಸಲು ಮೋಡದೊಳಗೆ ಹೋಗಿ ಹನಿಗಳನ್ನು ಎಣಿಸಬೇಕು. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಬಲೂನಿಗೂ ಗಾಳಿಪಟಕ್ಕೂ ಹುಟ್ಟಿದಂಥ ಒಂದು ಸಾಧನಕ್ಕೆ ಉಪಕರಣ ಕಟ್ಟಿ ಮೋಡದೊಳಗೆ ಹಾರಿಸುತ್ತಾರೆ. ನಮ್ಮಲ್ಲಿ ಪುಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆ 2009ರಿಂದ ವಿಮಾನಗಳಲ್ಲಿ ಮೋಡಗಳನ್ನು ಅಳೆಯುತ್ತಿದೆ. ಮಹಾಬಳೇಶ್ವರದಲ್ಲಿ ಅದರದೇ ಎತ್ತರದ ಮೋಡ ಪ್ರಯೋಗಾಲಯವಿದೆ. ಮುಂಗಾರಿನಲ್ಲಿ ಮೋಡವೇ ಆ ಕಟ್ಟಡದ ಕಿಟಕಿಗೆ ಬರುತ್ತದೆ. ಆಗುಂಬೆ, ಕೊಡಚಾದ್ರಿ, ಕುಂದಾದ್ರಿಗಳಿಗೂ ಮೋಡ ಹಾಗೆಯೇ ಇಳಿದು ಬರುತ್ತದೆ. ಪಶ್ಚಿಮ ಘಟ್ಟದ ಈ ಭಾಗಕ್ಕೂ ಅಂಥದೊಂದು ಬೇಕು ಎಂಬುದು ಪ್ರಾದೇಶಿಕ ಹಟ ಅಂತ ಅನಿಸಬಹುದು. ಘಟ್ಟದ ಎತ್ತರ, ಕಡಲಿನ ದೂರ, ಕಾಡಿನ ದಟ್ಟಣೆ ಮಹಾಬಳೇಶ್ವರದಲ್ಲಿ ಒಂದು ಬಗೆ, ಇಲ್ಲಿ ಇನ್ನೊಂದು ಬಗೆ ಎಂಬ ಕಾರಣ ಸಾಕಷ್ಟು ಗಟ್ಟಿಯಾಗಿಯೇ ಇದೆ.

ಮಹಾಬಳೇಶ್ವರದ ಅಳತೆಗಳಿಂದ ಗೊತ್ತಾದ ಒಂದು ಸಂಗತಿ ನಮಗೆ ನೇರವಾಗಿ ಸಂಬಂಧಿಸಿದ್ದು: ಘಟ್ಟದ ಮುಂಗಾರು ಮಳೆಯಲ್ಲಿ ಸಣ್ಣ ಹನಿಗಳ ಪಾಲು ಹೆಚ್ಚು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ಹನಿ ಹೆಂಚಿನ ಮೇಲೆ ಕಲ್ಲು ಬಿದ್ದಂತೆ ಸದ್ದು ಮಾಡುತ್ತದೆ. ಆ ಮೋಡ ಹತ್ತು ಹದಿನೈದು ಕಿ.ಮೀ. ಎತ್ತರ ಬೆಳೆದು ಮೇಲೆ ಮಂಜುಗಡ್ಡೆ ಕಟ್ಟಿಕೊಂಡಿರುತ್ತದೆ. ಜುಲೈನ ಜಡಿಮಳೆಯ ಮೋಡಗಳು ಬಹುಮಟ್ಟಿಗೆ ಗಿಡ್ಡ. ನೀರು ಹೆಪ್ಪುಗಟ್ಟುವ ಎತ್ತರ ಆಗ ಐದು ಕಿ.ಮೀ. ಆಸುಪಾಸಿನಲ್ಲಿರುತ್ತದೆ, ಎಷ್ಟೋ ಮೋಡಗಳ ತಲೆ ಅಲ್ಲಿಗೆ ತಲುಪುವುದೇ ಇಲ್ಲ. ಮಂಜುಗಡ್ಡೆಯ ಸಹಾಯವಿಲ್ಲದೆ, ಬರೀ ಹನಿಗಳ ಡಿಕ್ಕಿಯಿಂದಲೇ ಅಷ್ಟೊಂದು ನೀರು ಇಳಿಯುತ್ತದೆ.

ಉಪಗ್ರಹಗಳು ಎಡವುವುದು ಇಲ್ಲಿಯೇ. ಅತಿಗೆಂಪು ಕ್ಯಾಮೆರಾ ಮೋಡದ ತಲೆಯ ಉಷ್ಣತೆ ನೋಡಿ ಮಳೆ ಅಂದಾಜು ಮಾಡುತ್ತದೆ: ತಲೆ ತಣ್ಣಗಿದ್ದಷ್ಟೂ ಮೋಡ ಎತ್ತರ, ಎತ್ತರವಿದ್ದಷ್ಟೂ ಮಳೆ ಜೋರು ಎಂಬ ತರ್ಕ. ನೆಲಪ್ರದೇಶದ ಮೇಲೆ ಹಾಯುವಾಗ ಉಪಗ್ರಹದ ಸೂಕ್ಷ್ಮತರಂಗದ ಉಪಕರಣ ಮಂಜುಗಡ್ಡೆಯ ಕಣಗಳ ಚದುರಿಕೆಯನ್ನು ಹುಡುಕುತ್ತದೆ. ಗಿಡ್ಡ, ಬೆಚ್ಚಗಿನ, ಮಂಜುಗಡ್ಡೆಯಿಲ್ಲದ ಮೋಡ ದಿನವಿಡೀ ಸುರಿದರೂ ಎರಡಕ್ಕೂ ಅದರ ಜೋರು ತಿಳಿಯುವುದಿಲ್ಲ. ಈಚೆಗೆ ಗೂಗಲ್‌ನವರು ನ್ಯೂರಲ್ ಜಿಸಿಎಂ ಯಂತ್ರಕ್ಕೆ ಮಾದರಿಯ ಮಳೆ ಬಿಟ್ಟು ಉಪಗ್ರಹದ ಮಳೆಯನ್ನೇ ಪಾಠವಾಗಿ ಕೊಟ್ಟು ನೋಡಿದ್ದಾರೆ. ಜಗತ್ತಿನ ಬಹುಭಾಗಕ್ಕೆ ಅದು ದೊಡ್ಡ ಸುಧಾರಣೆ. ನಮ್ಮ ಘಟ್ಟಕ್ಕೆ ಮಾತ್ರ ಒಂದು ದೋಷದ ಜಾಗದಲ್ಲಿ ಇನ್ನೊಂದು ದೋಷ ಬಂದು ಕೂತಂತೆ.

ರೇಡಾರ್ ಇದೆಯಲ್ಲ ಎನ್ನಬಹುದು. ಗೋವಾದ ರೇಡಾರನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಅಲ್ಲಿಂದ ಆಗುಂಬೆಗೆ ನೇರ ದೂರ 250 ಕಿ.ಮೀ. ಮೀರುತ್ತದೆ. ರೇಡಾರಿನ ಕಿರಣವನ್ನು ನೆಲಮಟ್ಟದಿಂದ ಅರ್ಧ ಡಿಗ್ರಿ ಮೇಲಕ್ಕೆ ಬಿಟ್ಟರೂ, ಭೂಮಿ ದುಂಡಗಿರುವುದರಿಂದ ಅಷ್ಟು ದೂರ ಹೋಗುವಷ್ಟರಲ್ಲಿ ಅದು ಆರು ಕಿ.ಮೀ. ಎತ್ತರದಲ್ಲಿರುತ್ತದೆ. ಮಳೆ ಸುರಿಸುವ ಗಿಡ್ಡ ಮೋಡದ ತಲೆಯ ಮೇಲಿಂದಲೇ ಹಾದುಹೋಗುತ್ತದೆ. ಹತ್ತಿರದಲ್ಲಿ ರೇಡಾರ್ ಇಟ್ಟರೂ ಲೆಕ್ಕದ ತೊಡಕು ಉಳಿಯುತ್ತದೆ. ಹನಿಯಿಂದ ಮರಳುವ ಪ್ರತಿಧ್ವನಿ ಅದರ ಅಡ್ಡಳತೆಯ ಆರನೇ ಘಾತಕ್ಕೆ ಅನುಗುಣ, ನೀರಿನ ಪ್ರಮಾಣ ಮೂರನೇ ಘಾತಕ್ಕೆ. ಎರಡು ಮಿ.ಮೀ. ಹನಿಯೊಂದು ಒಂದು ಮಿ.ಮೀ.ನ 64 ಹನಿಗಳಷ್ಟು ಪ್ರತಿಧ್ವನಿ ಕೊಡುತ್ತದೆ, ಆದರೆ ಅದರಲ್ಲಿರುವ ನೀರು ಅಂಥ ಎಂಟೇ ಹನಿಗಳಷ್ಟು. ಪ್ರತಿಧ್ವನಿಯಿಂದ ಮಳೆ ಲೆಕ್ಕ ಹಾಕುವ, ಇಂದಿಗೂ ಹೆಚ್ಚು ಬಳಕೆಯಲ್ಲಿರುವ ಸೂತ್ರವನ್ನು 1948ರಲ್ಲಿ ಕೆನಡಾದ ಮಳೆ ನೋಡಿ ಬರೆದದ್ದು. ಸಣ್ಣ ಹನಿಗಳೇ ಹೆಚ್ಚಿರುವ ಜಡಿಮಳೆಗೆ ಅದನ್ನು ಹಾಗೆಯೇ ಹಾಕಿದರೆ ಲೆಕ್ಕ ಕಡಿಮೆ ಬರುತ್ತದೆ.

ಹನಿಯ ಆಕಾರ ಇಲ್ಲಿ ಸಹಾಯಕ್ಕೆ ಬರುತ್ತದೆ. ಚಿತ್ರಗಳಲ್ಲಿ ಬರೆಯುವಂತೆ ಮೇಲೆ ಚೂಪು, ಕೆಳಗೆ ದಪ್ಪ ಇರುವ ಮಳೆಹನಿ ಜಗತ್ತಿನಲ್ಲಿ ಎಲ್ಲೂ ಇಲ್ಲ. ಸಣ್ಣದು ಗುಂಡಗಿರುತ್ತದೆ, ದೊಡ್ಡದು ಬೇಕರಿಯ ಬನ್ನಿನಂತೆ ಕೆಳಗೆ ಚಪ್ಪಟೆ, ಮೇಲೆ ಉಬ್ಬು. ಇನ್ನೂ ದೊಡ್ಡದಾದರೆ ಗಾಳಿ ಅದನ್ನು ಚೀಲದಂತೆ ಊದಿಸಿ ಒಡೆಯುತ್ತದೆ. ಮಳೆಯಲ್ಲಿ ಕಾಣುವ ಹನಿಗಳ ಗಾತ್ರದ ಹಂಚಿಕೆ ಈ ಒಡೆತದಿಂದಲೇ ಬಂದಿರಬಹುದೆಂದು ಫ್ರಾನ್ಸಿನ ಎಮ್ಯಾನುಯೆಲ್ ವಿಲೆರ್ಮೊ ಮತ್ತು ಬೆಂಜಮಿನ್ ಬೊಸ್ಸಾ 2009ರಲ್ಲಿ ಒಂಟಿ ಹನಿಗಳ ವೇಗದ ಚಿತ್ರೀಕರಣದಿಂದ ವಾದಿಸಿದರು. ಹೊಸ ರೇಡಾರುಗಳು ಅಡ್ಡ ಮತ್ತು ಲಂಬ ಎರಡೂ ಬಗೆಯ ತರಂಗಗಳನ್ನು ಕಳಿಸುತ್ತವೆ. ಚಪ್ಪಟೆ ಹನಿಯಿಂದ ಅಡ್ಡ ತರಂಗ ಹೆಚ್ಚು ಮರಳುತ್ತದೆ, ಗುಂಡು ಹನಿಯಿಂದ ಎರಡೂ ಸಮ. ವ್ಯತ್ಯಾಸ ನೋಡಿದರೆ ಹನಿಯ ಗಾತ್ರ ತಿಳಿಯುತ್ತದೆ, ಸೂತ್ರವನ್ನು ಊರಿಗೆ ತಕ್ಕಂತೆ ತಿದ್ದಿಕೊಳ್ಳಬಹುದು.

ಹನಿಯ ಗಾತ್ರ ತೋಟದೊಳಗೂ ಲೆಕ್ಕಕ್ಕೆ ಬರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಫೈಟಾಫ್ತೊರಾ ನೀರಿನ ಪೊರೆಯಲ್ಲಿ ಈಜುವ ಬೀಜಾಣುಗಳನ್ನು ಬಿಡುತ್ತದೆ. ರೋಗ ಹಿಡಿದ ಕಾಯಿಯ ಮೇಲೆ ಹನಿ ಬಿದ್ದು ಸಿಡಿದಾಗ ಅವು ಪಕ್ಕದ ಕಾಯಿಗೆ, ಪಕ್ಕದ ಗೊನೆಗೆ ಹಾರುತ್ತವೆ. ಎಲೆಯ ಮೇಲೆ ಮಳೆಹನಿ ಹೇಗೆ ಸಿಡಿಯುತ್ತದೆ, ರೋಗಾಣು ಎಷ್ಟು ದೂರ ಹೋಗುತ್ತದೆ ಎಂಬುದನ್ನು ಅಮೆರಿಕದ ಎಂಐಟಿಯ ಲಿಡಿಯಾ ಬೂರೂಯಿಬಾ ಮತ್ತು ಬೆಲ್ಜಿಯಂನ ತ್ರಿಸ್ತಾಂ ಜಿಲೆ 2015ರಲ್ಲಿ ಸಿಡಿತದ ಭೌತಶಾಸ್ತ್ರವಾಗಿಯೇ ಬಿಡಿಸಿಟ್ಟರು: ಎಲೆಯ ಬಳುಕು, ಅದರ ಮೇಲೆ ಮೊದಲೇ ನಿಂತಿರುವ ನೀರು, ಹನಿ ಬೀಳುವ ಜಾಗ ಮೂರೂ ಸೇರಿ ದೂರವನ್ನು ನಿರ್ಧರಿಸುತ್ತವೆ. ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುವ ನಮ್ಮ ಹಳೆಯ ಪದ್ಧತಿ ತಡೆಯುವುದು ಸರಿಯಾಗಿ ಈ ಸಿಡಿತವನ್ನೇ. ಬೋರ್ಡೋ ದ್ರಾವಣದ ವಿಷಯಕ್ಕೆ ಬಂದರೆ, ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಎಂಬ ಲೆಕ್ಕ ಎಲ್ಲರಿಗೂ ಬಾಯಿಪಾಠ. ಮುಂಗಾರಿನ ಹೊಸ್ತಿಲಲ್ಲಿ ಒಮ್ಮೆ, 40-45 ದಿನ ಬಿಟ್ಟು ಮತ್ತೊಮ್ಮೆ. ಎರಡನೆಯ ಔಷಧಿಯ ಸರದಿ ಪುಷ್ಯ, ಆಶ್ಲೇಷದ ಹೊತ್ತಿಗೆ ಬರುತ್ತದೆ. ಮರ ಹತ್ತುವವರು ಸಿಗುವುದೇ ಕಷ್ಟ, ಸಿಕ್ಕ ದಿನ ಮಳೆ, ಹೊಳವಾದ ದಿನ ಅವರು ಬೇರೆ ತೋಟದಲ್ಲಿ. ಗೊನೆ ಒಣಗಿ, ದ್ರಾವಣ ಹಿಡಿದು ನಿಲ್ಲಲು ಬೇಕಾದ ಆ ಕೆಲವು ಗಂಟೆಗಳನ್ನು ಹಿಂದಿನ ಸಂಜೆಯೇ ಹೇಳಬಲ್ಲ ಮುನ್ಸೂಚನೆಗೆ ತೋಟಗಾರ ದುಡ್ಡು ಕೊಡಲೂ ಸಿದ್ಧನಿರುತ್ತಾನೆ.

ರೈತನ ತೀರ್ಮಾನದಿಂದ ಶುರುಮಾಡಿ ಹಿಂದಕ್ಕೆ ವಿಜ್ಞಾನಕ್ಕೆ ಹೋಗುವ ಈ ದಾರಿಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಪಾವಗಡದ ಶೇಂಗಾ ರೈತರ ಜೊತೆ ಬಹಳ ಹಿಂದೆಯೇ ತುಳಿದು ತೋರಿಸಿದ್ದರು. ಯಾವ ವಾರ ಬಿತ್ತಿದರೆ ನಷ್ಟದ ಸಂಭವ ಕಡಿಮೆ ಎಂಬುದನ್ನು ಹಳೆಯ ಮಳೆ ದಾಖಲೆ ಮತ್ತು ರೈತರ ಅನುಭವ ಎರಡನ್ನೂ ಇಟ್ಟುಕೊಂಡು ಲೆಕ್ಕ ಹಾಕಿದ ಕೆಲಸ ಅದು. ಮಲೆನಾಡಿನ ಅಡಿಕೆಗೆ, ಕಾಫಿಗೆ, ಏಲಕ್ಕಿಗೆ ಅಷ್ಟು ಶ್ರದ್ಧೆಯ ಕೆಲಸ ಆಗಬೇಕಿದೆ.

ಬೇಕಾದ ಕಚ್ಚಾ ವಸ್ತು ಇಲ್ಲವೆಂದಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ಸ್ವಯಂಚಾಲಿತ ಮಳೆಮಾಪಕ ಇಟ್ಟಿದೆ. ದೇಶದಲ್ಲಿ ಇಷ್ಟು ದಟ್ಟವಾದ ಜಾಲ ಅಪರೂಪ. ಅದರ ‘ವರುಣಮಿತ್ರ’ ಸಹಾಯವಾಣಿಗೆ ಫೋನು ಮಾಡಿ ಕೇಳುವ ರೈತರೂ ಇದ್ದಾರೆ. ಮಲೆನಾಡಿನ ಹಳೆಯ ತೋಟದ ಮನೆಗಳಲ್ಲಿ ಇನ್ನೊಂದು ನಿಧಿಯಿದೆ: ಬೆಳಗ್ಗೆ ಮಾಪಕದ ನೀರು ಅಳೆದು ಇಂಚು, ಸೆಂಟ್ಸ್ ಲೆಕ್ಕದಲ್ಲಿ ಬರೆದಿಟ್ಟ ಡೈರಿಗಳು. ತಂದೆಯಿಂದ ಮಗನಿಗೆ ಬಂದ ಇಂಥ ದಾಖಲೆಗಳು ಕಾಫಿ ಎಸ್ಟೇಟುಗಳಲ್ಲಿ ಸಾಮಾನ್ಯ. ದಟ್ಟ ಜಾಲ ಹೊಸದು, ಡೈರಿ ಹಳೆಯದು. 30 ಕಿ.ಮೀ. ಚೌಕದ ಮುನ್ಸೂಚನೆಯನ್ನು ಪಂಚಾಯಿತಿ ಮಟ್ಟಕ್ಕೆ ಇಳಿಸುವುದನ್ನು ಯಂತ್ರಕ್ಕೆ ಕಲಿಸಲು ಎರಡೂ ಬೇಕು. ನೂರಾರು ಕೋಟಿಯ ಸೂಪರ್ ಕಂಪ್ಯೂಟರು ಇದಕ್ಕೆ ಬೇಡ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಂಥ ಕಡೆಯೂ ಕೈಹಾಕಬಹುದಾದ ಕೆಲಸ. ಅಂಕಿಗಳು ಮಾತ್ರ ದೀರ್ಘ ಸರಣಿಯಾಗಿ, ದೋಷ ತಿದ್ದಿದ ರೂಪದಲ್ಲಿ, ಅರ್ಜಿ ಹಿಡಿದು ಅಲೆಯದೆ ಸಿಗಬೇಕು.

ದೋಷ ತಿದ್ದುವುದು ಸಣ್ಣ ಮಾತಲ್ಲ. ಸ್ವಯಂಚಾಲಿತ ಮಾಪಕದೊಳಗೆ ತಕ್ಕಡಿಯಂತೆ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ತುಂಬಿದೊಡನೆ ಮಗುಚಿ ಇನ್ನೊಂದು ಮೇಲೆ ಬರುತ್ತದೆ. ಮಾಪಕಕ್ಕೆ ತಕ್ಕಂತೆ ಪ್ರತಿ ಮಗುಚಿಗೆ 0.2ರಿಂದ 0.5 ಮಿ.ಮೀ. ಎಂದು ಲೆಕ್ಕ. ಮಳೆ ವಿಪರೀತ ರಭಸವಾಗಿದ್ದಾಗ ಬಟ್ಟಲು ಮಗುಚುವ ಆ ಕ್ಷಣದಲ್ಲಿ ಬೀಳುವ ನೀರು ಲೆಕ್ಕಕ್ಕೆ ಸಿಗುವುದಿಲ್ಲ. ಘಟ್ಟದ ಗಾಳಿಗೆ ಸಣ್ಣ ಹನಿಗಳು ಬಾಯಿಯ ಮೇಲಿಂದ ಹಾರಿಹೋಗುತ್ತವೆ. ಮಲೆನಾಡಿನಲ್ಲಂತೂ ಒಂದು ಎಲೆ ಬಿದ್ದು ಆಲಿಕೆಯ ತೂತು ಕಟ್ಟಿದರೆ ಆ ಊರಿನಲ್ಲಿ ಅಂದು ಕಾಗದದ ಮೇಲೆ ಬರಗಾಲ. ಪಕ್ಕದ ತೋಟದ ಡೈರಿ ಇದ್ದರೆ ಈ ಸುಳ್ಳು ತಕ್ಷಣ ಸಿಕ್ಕಿಬೀಳುತ್ತದೆ.

ಕೇಂದ್ರದ ಯೋಜನೆಗಳು ಸರಿಯಾದ ದಿಕ್ಕಿನಲ್ಲೇ ಇವೆ. 2024ರ ಸೆಪ್ಟೆಂಬರಿನಲ್ಲಿ 2,000 ಕೋಟಿ ರೂಪಾಯಿಯ ‘ಮಿಷನ್ ಮೌಸಮ್’ಗೆ ಒಪ್ಪಿಗೆ ಸಿಕ್ಕಿತು. 2025ರ ಮೇ 26ರಂದು ಉದ್ಘಾಟನೆಯಾದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ಚೌಕವನ್ನು 12 ಕಿ.ಮೀ.ನಿಂದ 6 ಕಿ.ಮೀ.ಗೆ ಇಳಿಸಿತು, ಸಮೀಕರಣದ ಹಳೆಯ ವಿಧಾನದಲ್ಲಿ ಇದು ಜಾಗತಿಕವಾಗಿಯೂ ಮುಂಚೂಣಿಯ ಸಾಧನೆ. ಆರು ಕಿ.ಮೀ.ನಲ್ಲಿ ಘಟ್ಟ ಘಟ್ಟದಂತೆ ಕಾಣತೊಡಗುತ್ತದೆ. ಅಷ್ಟಾದರೂ ಒಂದೊಂದು ಮೋಡ ಚೌಕಕ್ಕಿಂತ ಚಿಕ್ಕದೇ ಆದ್ದರಿಂದ ಹನಿಯ ಕಥೆಯನ್ನು ಅಂದಾಜು ಸೂತ್ರಗಳಲ್ಲೇ ತುಂಬಬೇಕು, ಆ ಸೂತ್ರಗಳು ಗಿಡ್ಡ ಮೋಡದ ಜಡಿಮಳೆಗೆ ಒಗ್ಗುತ್ತವೆಯೇ ಎಂಬುದನ್ನು ಇಲ್ಲಿನ ಅಳತೆಗಳಿಂದಲೇ ಪರೀಕ್ಷಿಸಬೇಕು. ಬಿಸಿಯಾಗುತ್ತಿರುವ ಗಾಳಿ ಪ್ರತಿ ಡಿಗ್ರಿಗೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿಯುತ್ತದೆ ಎಂಬುದರಿಂದ ಹಳೆಯ ಸರಾಸರಿಗಳ ಮೇಲಿನ ಭರವಸೆಯೂ ಸಡಿಲವಾಗುತ್ತಿದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ, ಅದೇ ತಿಂಗಳ 30ರಂದು ವಯನಾಡಿನಲ್ಲಿ ಗುಡ್ಡಗಳು ಕುಸಿದವು. ಮಣ್ಣಿನ ರಂಧ್ರಗಳಲ್ಲಿ ನೀರಿನ ಒತ್ತಡ ಏರಿ ಕಣಗಳ ಹಿಡಿತ ತಪ್ಪುವುದು ಗಂಟೆಗಳ ಲೆಕ್ಕದ ಮಳೆಯ ಮೇಲೆ ನಿಂತಿದೆ. ಜಿಲ್ಲೆಗೊಂದರಂತೆ ಕೊಡುವ ದಿನದ ಬಣ್ಣದಿಂದ ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳನ್ನು ಯಾವ ಗಂಟೆಯಲ್ಲಿ ತಡೆಯಬೇಕೆಂದು ಹೇಳಲಾಗದು.

ಹತ್ತಿರದ ಅವಧಿಯಲ್ಲಿ ಸಾಧ್ಯವಾಗಬಹುದಾದದ್ದು ಮುಂದಿನ ಎರಡು ಮೂರು ಗಂಟೆಗಳ ಮುನ್ಸೂಚನೆ. ಅದಕ್ಕೆ ಘಟ್ಟದ ನೆತ್ತಿಯಲ್ಲೇ ರೇಡಾರ್ ಬೇಕು. ಚಿಕ್ಕದಾದ, ಅಗ್ಗದ ಎಕ್ಸ್-ಬ್ಯಾಂಡ್ ರೇಡಾರುಗಳ ತರಂಗಾಂತರ ಸುಮಾರು ಮೂರು ಸೆಂಟಿಮೀಟರು. ಸಣ್ಣ ಹನಿಗಳನ್ನೂ ಅವು ಚೆನ್ನಾಗಿ ಕಾಣುತ್ತವೆ, ಗುಡ್ಡದ ಮೇಲೆ ಕೂರಿಸುವುದೂ ಸುಲಭ. ಜೋರು ಮಳೆಯಲ್ಲಿ ಮಾತ್ರ ಮಳೆಯೇ ಅವುಗಳ ತರಂಗವನ್ನು ಹೀರಿಬಿಡುತ್ತದೆ, ಹಿಂದಿರುವ ಮಳೆ ಮರೆಯಾಗುತ್ತದೆ. ಹತ್ತು ಸೆಂಟಿಮೀಟರಿನ ಎಸ್-ಬ್ಯಾಂಡ್‌ಗೆ ಆ ತೊಂದರೆ ಇಲ್ಲ. ಅದರ ತಟ್ಟೆ, ಗೋಪುರ, ವಿದ್ಯುತ್ತು, ರಸ್ತೆ ಎಲ್ಲವೂ ದೊಡ್ಡವು, ಘಟ್ಟದ ನೆತ್ತಿಯ ಎತ್ತರದ ಜಾಗಗಳು ಬಹುಪಾಲು ಅಭಯಾರಣ್ಯದೊಳಗಿವೆ. ಹೀರಿಕೆಯನ್ನು ಅಡ್ಡ-ಲಂಬ ತರಂಗಗಳ ಹಂತದ (ಫೇಸ್) ವ್ಯತ್ಯಾಸದಿಂದ ತಿದ್ದಿಕೊಳ್ಳುವ ವಿಧಾನಗಳು ಈಗ ಪಕ್ವವಾಗಿವೆ. ಆದ್ದರಿಂದ ಒಂದು ದೈತ್ಯ ರೇಡಾರಿಗಾಗಿ ಕಾಡಿನೊಳಗೆ ರಸ್ತೆ ಕಡಿಯುವುದಕ್ಕಿಂತ, ಕಾಡಂಚಿನ ಊರುಗಳಲ್ಲಿ ಮೂರು ನಾಲ್ಕು ಚಿಕ್ಕವನ್ನು ಒಂದರ ಕುರುಡುಜಾಗವನ್ನು ಇನ್ನೊಂದು ನೋಡುವಂತೆ ಇಡುವುದು ನನಗೆ ಸರಿಯೆನಿಸುತ್ತದೆ. ಅವುಗಳ ಲೆಕ್ಕವನ್ನು ಮೊದಲ ಮುಂಗಾರಿನಲ್ಲಿ ಪಂಚಾಯಿತಿ ಮಾಪಕಗಳೊಂದಿಗೆ, ಡೈರಿಗಳೊಂದಿಗೆ ಹೋಲಿಸಿ ಫಲಿತಾಂಶ ಪ್ರಕಟಿಸಿದರೆ, ಆಶ್ಲೇಷದ ಹೊಳವನ್ನು ಹೇಳುವ ಮಾತು ಎಷ್ಟು ದೂರದಲ್ಲಿದೆ ಎಂಬುದು ಅಂಕಿಗಳಲ್ಲೇ ಗೊತ್ತಾಗುತ್ತದೆ.